ಕುಂಚವನ್ನು ಕೆಳಗಿಡುವ ವೇಳೆ

ನಮ್ಮ ಕರ್ತನು ಬೆಟ್ಟದ ಮೇಲೆ ಜನರಿಗೆ ಬೋಧಿಸಿದಾಗ ಅವರ ಕಣ್ಣುಗಳನ್ನು ಆಕಾಶದ ಪಕ್ಷಿಗಳ ಕಡೆಗೆ ತಿರುಗಿಸಿದನೆಂಬುದನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ಹೊರ್ತಿಯ ಸುತ್ತಲಿನ ಎರೆಹೊಲಗಳಲ್ಲಿ ಬಾಳುವ ನಮಗೆ ಈ ಅಪ್ಪಣೆಯು ಕಠಿಣವಲ್ಲ. ಬಿಳಿಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟುವಾಗ ಗಿಣಿಗಳೂ ಗುಬ್ಬಿಗಳೂ ಮುತ್ತುತ್ತವೆ. ಚಳಿಗಾಲದಲ್ಲಿ ದೂರದೇಶದಿಂದ ಗುಲಾಬಿ ಮೈಯ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯ ತಂತಿಯ ಮೇಲೆ ನೀಲಕಂಠವು ಹುಳವನ್ನು ಕಾಯುತ್ತಾ ಕೂತಿರುತ್ತದೆ. ಆದರೆ ಅವುಗಳನ್ನು ನೋಡಿದ ಕೂಡಲೆ ಕವಣೆಯನ್ನು ಹುಡುಕುವದೇ ನಮ್ಮ ರೂಢಿ. ನೋಡುವದಕ್ಕಾಗಿಯೇ ನೋಡುವವರು ಸ್ವಲ್ಪ.

ಕೆಲವು ವರುಷಗಳ ಹಿಂದೆ ಆದಿತ್ಯವಾರದ ಶಾಲೆಯ ಮಕ್ಕಳಿಗಾಗಿ ನಾವು ಒಂದು ನೀಲಕಂಠದ ಚಿತ್ರವನ್ನು ಬರೆಯಲು ಕೂತೆವು. ಮುಂಜಾನೆ ಹೊಲದ ಬದುವಿನಲ್ಲಿ ಒಂದು ತಾಸು ಆ ಹಕ್ಕಿಯನ್ನು ನೋಡುತ್ತಾ ನೀರುಬಣ್ಣದಿಂದ ಬರೆದದ್ದು ಅಷ್ಟೇನೂ ಚೆಲುವಾಗಿರಲಿಲ್ಲ. ಆದರೂ ತಗ್ಗಿಸಿದ ಅದರ ತಲೆಯೂ ರೆಕ್ಕೆಯ ಮಡಿಕೆಯೂ ತಾಳ್ಮೆಯಿಂದ ಕೂತ ರೀತಿಯೂ ಅದರಲ್ಲಿ ಇದ್ದವು. ರಾತ್ರಿ ದೀಪದ ಮುಂದೆ ಅದನ್ನು ಇಟ್ಟಾಗ, ಸಭೆಯವರು ಏನಂದಾರು ಎಂಬ ನಾಚಿಕೆ ನಮ್ಮಲ್ಲಿ ಹುಟ್ಟಿತು. ಈ ಹಕ್ಕಿಗೆ ನೀಲಕಂಠವೆಂಬ ಹೆಸರಿದ್ದರೂ ಅದರ ಕಂಠವು ನೀಲವಲ್ಲ. ನೇರಳೆ ಬೆರೆತ ಕಂದು ಬಣ್ಣ, ಅದರ ಮೇಲೆ ಬಿಳಿ ಗೀರುಗಳು. ನೀಲವಿರುವದು ನೆತ್ತಿಯಲ್ಲಿಯೂ ರೆಕ್ಕೆಯಲ್ಲಿಯೂ ಬಾಲದಲ್ಲಿಯೂ. ಮುಂಜಾನೆ ಕಣ್ಣು ಕಂಡದ್ದನ್ನು ಕೈಯು ಸರಿಯಾಗಿಯೇ ಬರೆದಿತ್ತು. ರಾತ್ರಿಯಾದರೋ ನಾವು ಹಕ್ಕಿಯನ್ನು ಬಿಟ್ಟು ಹೆಸರನ್ನು ನಂಬಿ ಕಂಠಕ್ಕೆ ನೀಲವನ್ನು ಬಳಿದೆವು. ಆಗ ಎದೆಯು ಮಂಕಾಗಿ ಕಂಡಿತು; ಅದಕ್ಕೆ ಕೆಂಪನ್ನು ಕೂಡಿಸಿದೆವು. ಆಗ ರೆಕ್ಕೆಯು ಹೊಂದಲಿಲ್ಲ. ಅದನ್ನು ತೊಳೆದು ತಿರಿಗಿ ಬರೆದೆವು. ಮೂರನೆಯ ರಾತ್ರಿ ಕಾಗದವು ನವಿರೆದ್ದು, ಬಣ್ಣಗಳೆಲ್ಲಾ ಕೂಡಿ ಕೆಸರಾದವು. ಹಕ್ಕಿಯು ಹಾರಿಹೋಗಿತ್ತು.

ಹಾಗಾದರೆ ಯಾವ ಗಳಿಗೆಯಲ್ಲಿ ನಾವು ಕುಂಚವನ್ನು ಕೆಳಗಿಡಬೇಕಾಗಿತ್ತು? ತಿದ್ದುವದು ಒಳ್ಳೇದೇ ಆಗಿದ್ದರೆ ಅದು ಕೆಡಿಸುವದಾಗಿ ಮಾರ್ಪಡುವದು ಎಲ್ಲಿ? ಈ ಪ್ರಶ್ನೆಯು ಚಿತ್ರಗಾರರಿಗೆ ಮಾತ್ರ ಸೇರಿದ್ದಲ್ಲವೆಂದು ನಾವು ಆಮೇಲೆ ಕಂಡೆವು.

ಚಿತ್ರ ಬರೆಯುವದು ಎರಡನೆಯ ಆಜ್ಞೆಗೆ ವಿರೋಧವಲ್ಲವೋ ಎಂದು ಕೆಲವರು ಕೇಳಾರು. ಆ ಆಜ್ಞೆಯು ನಿಷೇಧಿಸುವದು ಆರಾಧನೆಯನ್ನೇ. ಸೊಲೊಮೋನನ ದೇವಾಲಯದಲ್ಲಿ ದಾಳಿಂಬೆಗಳ ಮತ್ತು ತಾವರೆಗಳ ಕೆತ್ತನೆ ಇತ್ತಲ್ಲವೇ.

ನೀರುಬಣ್ಣದ ಕೆಲಸದಲ್ಲಿ ಬೆಳಕು ಬರುವದು ಕಾಗದದ ಬಿಳುಪಿನಿಂದ. ತೆಳ್ಳಗಿನ ಬಣ್ಣದ ಮೂಲಕ ಆ ಬಿಳುಪು ಹೊಳೆಯುತ್ತದೆ. ಮೇಲೆ ಮೇಲೆ ಬಳಿದಷ್ಟು ಅದು ಮುಚ್ಚಿಹೋಗುತ್ತದೆ. ಒಮ್ಮೆ ಮುಚ್ಚಿಹೋದರೆ ತಿರಿಗಿ ಪಡೆಯುವದು ಬಹು ಕಷ್ಟ. ನಮ್ಮ ಮನೆಗಳ ಹೆಂಗಸರಿಗೆ ಇಂಥ ಜ್ಞಾನವು ಕೈಯಲ್ಲಿಯೇ ಉಂಟು. ಜೋಳದ ರೊಟ್ಟಿಯನ್ನು ಬಡಿಯುವವಳು ಸಾಕಾದ ಕೂಡಲೆ ಹಂಚಿಗೆ ಹಾಕುತ್ತಾಳೆ. ಇನ್ನೂ ಬಡಿದರೆ ಹರಿಯುವದೆಂದು ಬಲ್ಲಳು. ಒಕ್ಕಲಿಗನೂ ಹಾಗೆಯೇ, ಬೆಳೆ ಚಿಕ್ಕದಿರುವಾಗ ಎಡೆ ಹೊಡೆಯುತ್ತಾನೆ, ತೆನೆ ಹೊರಟ ಮೇಲೆ ಕುಂಟೆಯನ್ನು ಹೊಲಕ್ಕೆ ಇಳಿಸುವದಿಲ್ಲ. ಮೊದಲು ಕಳೆಯನ್ನು ಕೊಂದ ಅದೇ ಕಬ್ಬಿಣವು ಆಗ ಬೇರನ್ನು ಕಡಿಯುವದು.

ಹಕ್ಕಿಗಳನ್ನು ಚೆನ್ನಾಗಿ ಬರೆದವರಿಂದಲೂ ಕಲಿಯುವದುಂಟು. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಮ್ ಆದಿಲ್ ಶಹನು ಆಳುತ್ತಿದ್ದ ಕಾಲದಲ್ಲಿ ಅಲ್ಲಿಯ ಚಿತ್ರಗಾರನೊಬ್ಬನು ಮೈನಾ ಹಕ್ಕಿಯನ್ನು ಹಿಡಿದ ಯೋಗಿನಿಯ ಚಿತ್ರವನ್ನು ಬರೆದನು. ಅದು ಈಗ ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ ಇದೆ. ಅದೇ ಕಾಲದಲ್ಲಿ ಉತ್ತರದಲ್ಲಿ ಜಹಾಂಗೀರ ಬಾದಶಹನ (1605-1627) ಆಸ್ಥಾನದಲ್ಲಿ ಉಸ್ತಾದ್ ಮನ್ಸೂರನೆಂಬವನಿದ್ದನು. ಇವರ ಬಣ್ಣವು ದಪ್ಪವಾದದ್ದು. ಪದರದ ಮೇಲೆ ಪದರವನ್ನು ಹಚ್ಚಿ, ಕಾಗದವನ್ನು ಬೋರಲಾಗಿಟ್ಟು ನುಣುಪಾದ ಕಲ್ಲಿನಿಂದ ಹಿಂದುಗಡೆ ತಿಕ್ಕಿ ಹೊಳಪು ತರುವರು. ಇಷ್ಟು ತಾಳ್ಮೆಯ ಕೆಲಸಕ್ಕೂ ಒಂದು ಕೊನೆ ಇತ್ತು. ಮನ್ಸೂರನು ಸೈಬೀರಿಯದ ಬಿಳಿ ಕೊಕ್ಕರೆಯನ್ನು ಕಂಡ ಹಾಗೆ ಬರೆದನು. ಆ ಹಕ್ಕಿಯು ಚಳಿಗಾಲದಲ್ಲಿ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 2002 ರ ತರುವಾಯ ಅಲ್ಲಿಗೆ ಬರಲಿಲ್ಲ. ಆತನದೆಂದು ಎಣಿಸಲ್ಪಡುವ ಇನ್ನೊಂದು ಚಿತ್ರದಲ್ಲಿ ಮಾರಿಷಸ್ ದ್ವೀಪದ ಡೋಡೋ ಎಂಬ ಹಕ್ಕಿ ಉಂಟು. ಹಾರಲಾರದ ಆ ಹಕ್ಕಿಯು 17 ನೆಯ ಶತಮಾನ ಮುಗಿಯುವದರೊಳಗೆ ಭೂಮಿಯ ಮೇಲಿಂದ ಇಲ್ಲದೆ ಹೋಯಿತು. ಈಗ ಪಂಡಿತರು ಅದರ ಬಣ್ಣವನ್ನು ತಿಳಿಯಬೇಕಾದರೆ ಇಂಥ ಚಿತ್ರಗಳನ್ನೇ ನೋಡಬೇಕು. ಬಾದಶಹನ ಮೆಚ್ಚಿಕೆಗಾಗಿ ಅದನ್ನು ನವಿಲಿನಂತೆ ಸಿಂಗರಿಸಿದ್ದರೆ ಆ ಸಾಕ್ಷಿಯು ಕೆಟ್ಟುಹೋಗುತ್ತಿತ್ತು. ನಮ್ಮ ಬಯಲುಸೀಮೆಯ ಎರ್ಲಡ್ಡು ಅಥವಾ ಎರೆಭೂತ ಎಂಬ ದೊಡ್ಡ ಹಕ್ಕಿಗಾಗಿ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ 1979 ರಲ್ಲಿ ಆಶ್ರಯಧಾಮವು ಸ್ಥಾಪಿತವಾಯಿತು; ಈಗ ಅಲ್ಲಿಯೂ ಅದು ಬಹು ವಿರಳ. ಅದನ್ನು ಬರೆಯುವವನು ಇನ್ನೂ ಹುಟ್ಟದ ಮಕ್ಕಳ ಮುಂದೆ ಸಾಕ್ಷಿ ಹೇಳುವವನು.

ಅಮೇರಿಕದ ಆಡುಬಾನನ ಸಂಗತಿಯು ಬೇರೆ. ಹಕ್ಕಿಗಳನ್ನು ಕೊಂದು ತಂತಿಯಿಂದ ನಿಲ್ಲಿಸಿ ಬರೆದವನು, ದಾಸರನ್ನು ಇಟ್ಟುಕೊಂಡಿದ್ದವನು. ಆತನ ನಡತೆಯನ್ನೆಲ್ಲಾ ನಾವು ಹೊಗಳಲಾರೆವು. ಆದರೂ ಆತನು ಪೆಟ್ಟಿಗೆಯಲ್ಲಿಟ್ಟ ಸುಮಾರು 200 ಚಿತ್ರಗಳನ್ನು ಇಲಿಗಳು ಕಡಿದು ಹಾಳುಮಾಡಿದಾಗ ಆತನು ಮಾಡಿದ್ದು ನೆನಪಿಡತಕ್ಕದ್ದು. ಕೆಲವು ದಿವಸ ದುಃಖದಲ್ಲಿದ್ದು, ಚೂರುಗಳನ್ನು ಅಂಟಿಸುತ್ತಾ ಕೂಡ್ರದೆ, ತಿರಿಗಿ ಅಡವಿಗೆ ಹೋದನು. ಹಕ್ಕಿಗಳನ್ನು ಹೊಸದಾಗಿ ನೋಡಿ ಬರೆದನು. 1827 ರಿಂದ 1838 ರ ವರೆಗೆ ಆತನ 435 ಚಿತ್ರಪಟಗಳು ಅಚ್ಚಾದವು.

ಇದರಿಂದ ನಮಗೆ ತಿಳಿದ ನಿಯಮವು ಇದೇ. ಹಕ್ಕಿಯನ್ನು ಮತ್ತೊಮ್ಮೆ ನೋಡಿ ಮಾಡಿದ ತಿದ್ದುಪಾಟು ನ್ಯಾಯವಾದದ್ದು. ಹತ್ತು ಸಾರಿಯಾದರೂ ಅಡ್ಡಿ ಇಲ್ಲ. ಹಕ್ಕಿಯನ್ನು ಬಿಟ್ಟು, ತಾನು ಬರೆದದ್ದನ್ನೇ ನೋಡುತ್ತಾ, ನಾಚಿಕೆಯಿಂದಲೋ ಹೊಗಳಿಕೆಯ ಆಶೆಯಿಂದಲೋ ಮಾಡಿದ ತಿದ್ದುಪಾಟು ಮೊದಲನೆಯದೇ ಆದರೂ ಹೆಚ್ಚಾದದ್ದು. ಆ ಗಳಿಗೆಯಲ್ಲಿ ಕುಂಚವನ್ನು ಕೆಳಗಿಡತಕ್ಕದ್ದು.

ಸಹೋದರರೇ, ಸಹೋದರಿಯರೇ, ನಮ್ಮ ಆತ್ಮಗಳ ಕಾರ್ಯವೂ ಹೀಗೆಯೇ ಅಲ್ಲವೋ? ಒಬ್ಬನು ತನ್ನ ಪಾಪವನ್ನು ಕರ್ತನ ಮುಂದೆ ಅರಿಕೆಮಾಡಿ ಕ್ಷಮೆಯನ್ನು ಹೊಂದಿದ್ದಾನೆ. ಆದರೂ ರಾತ್ರಿ ರಾತ್ರಿ ಅದನ್ನೇ ಹೊರಗೆ ತೆಗೆದು, ನನ್ನ ದುಃಖವು ಸಾಕಷ್ಟು ಆಳವಾಗಿತ್ತೋ, ನನ್ನ ಪ್ರಾರ್ಥನೆಯ ಮಾತುಗಳು ಸರಿಯಾಗಿದ್ದವೋ ಎಂದು ತಿದ್ದುತ್ತಾ ಕೂತಿದ್ದಾನೆ. ಅದು ದೀನತ್ವದಂತೆ ಕಾಣುತ್ತದೆ; ಆದರೆ ಅವನ ಕಣ್ಣು ರಕ್ಷಕನ ಮೇಲಿಲ್ಲ, ತನ್ನ ಚಿತ್ರದ ಮೇಲೆ ಇದೆ. ಮಗನ ತಪ್ಪನ್ನು ಒಮ್ಮೆ ತಿದ್ದಿದ ತಂದೆಯು ಬೀಗರ ಮುಂದೆಯೂ ನೆರೆಯವರ ಮುಂದೆಯೂ ಅದನ್ನೇ ಎತ್ತಿ ಆಡಿದರೆ, ಅವನು ನೋಡುವದು ಮಗನನ್ನಲ್ಲ, ತನ್ನ ಮಾನವನ್ನೇ. ಸಭೆಯಲ್ಲಿ ಸಮಾಧಾನವಾದ ವ್ಯಾಜ್ಯವನ್ನು ಪೂರ್ಣ ನ್ಯಾಯವಾಗಲಿಲ್ಲವೆಂದು ತಿರಿಗಿ ಕೆದಕುವವರೂ ಇದ್ದಾರೆ; ಬೆಳೆದ ತೆನೆಯ ನಡುವೆ ಅವರು ಕುಂಟೆ ಹೊಡೆಯುತ್ತಾರೆ.

ಆದರೆ ಈ ಮಾತನ್ನು ಸೋಮಾರಿಯು ತನ್ನ ತಲೆದಿಂಬು ಮಾಡಿಕೊಳ್ಳದಿರಲಿ. ಯೆರೆಮೀಯನು ಕಂಡ ಕುಂಬಾರನು ಕೆಟ್ಟ ಪಾತ್ರೆಯನ್ನು ಹಾಗೆಯೇ ಬಿಡಲಿಲ್ಲ; ಅದೇ ಮಣ್ಣಿನಿಂದ ಬೇರೊಂದನ್ನು ಮಾಡಿದನು. ಜಕ್ಕಾಯನು ಕರ್ತನನ್ನು ಮನೆಯಲ್ಲಿ ಸೇರಿಸಿಕೊಂಡ ಮೇಲೆ, ತಾನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರಿಗಿ ಕೊಡುವೆನೆಂದನು. ನೆರೆಯವನ ಹಣವು ನಿನ್ನ ಕೈಯಲ್ಲಿದ್ದರೆ, ಅದು ತಿದ್ದಲೇಬೇಕಾದ ತಪ್ಪು. ಕ್ಷಮೆಯಾಯಿತೆಂದು ಹೇಳಿ ಕುಂಚವನ್ನು ಇಡಬೇಡ. ಅಲ್ಲಿ ನೀನು ನೋಡುವದು ನಿನ್ನನ್ನಲ್ಲ, ನಷ್ಟಪಟ್ಟ ಆ ಮನುಷ್ಯನನ್ನು.

ಸೃಷ್ಟಿಕರ್ತನು ಐದನೆಯ ದಿವಸದಲ್ಲಿ ಪಕ್ಷಿಗಳನ್ನು ಉಂಟುಮಾಡಿ, ಒಳ್ಳೇದೆಂದು ಕಂಡು, ಮುಂದಿನ ಕೆಲಸಕ್ಕೆ ಹೋದನು. ಏಳನೆಯ ದಿವಸದಲ್ಲಿ ವಿಶ್ರಮಿಸಿದನು. ನಮ್ಮ ಕೆಲಸವಾದರೋ ಎಂದಿಗೂ ಅಷ್ಟು ಪೂರ್ಣವಾಗದು. ಹಾಗಾದರೆ ನಾವು ವಿಶ್ರಮಿಸುವದು ಹೇಗೆ? ಚಿತ್ರವು ಸಂಪೂರ್ಣವಾಯಿತೆಂದು ಕುಂಚವನ್ನು ಇಡುವವನು ಗರ್ವಿ. ಸಂಪೂರ್ಣ ಮಾಡುವವನು ನಾನಲ್ಲವೆಂದು ಇಡುವವನೇ ವಿಶ್ವಾಸಿ.

ಆ ಕೆಟ್ಟ ಚಿತ್ರವನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಮಕ್ಕಳಿಗಾಗಿ ಬೇರೊಂದನ್ನು ಅದೇ ಬದುವಿನಲ್ಲಿ ಕೂತು ಬರೆದೆವು. ಕಾಲುಗಳು ಸರಿಯಾಗಿ ಬರಲಿಲ್ಲ. ಆದರೆ ಕಂಠವು ಕಂದು ಬಣ್ಣದ್ದೇ. ಹಕ್ಕಿಯು ಹಾರಿಹೋದಾಗ ನಾವೂ ಎದ್ದು ಮನೆಗೆ ಬಂದೆವು.