ಮಾರನೇ ದಿನ ಇಲ್ಲದ ಹಬ್ಬ

ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ ಅಮ್ಮನಿಗೆ ಆ ಬಾಟಲಿ ಸಿಕ್ಕಿದ್ದು ಒಂದು ಶನಿವಾರ ಬೆಳಗ್ಗೆ, ಮೊಸರು ಹುಡುಕುವಾಗ. ಕಣ್ಣು ತೋರಿಸೋಕೆ ಅಂತ ಊರಿಂದ ಬಂದಿದ್ದಳು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದೇನಪ್ಪಾ, ಟಾನಿಕ್ಕಾ?" ಅಂದಳು.

"ವೈನು ಕಣಮ್ಮ. ದ್ರಾಕ್ಷಿ ಹಣ್ಣಿಂದು" ಅಂದೆ. ದ್ರಾಕ್ಷಿ ಹಣ್ಣನ್ನು ಬೇಕಂತಲೇ ಸೇರಿಸಿದ್ದೆ.

ಅಮ್ಮ ಅದನ್ನು ಇದ್ದ ಜಾಗದಲ್ಲೇ ಇಟ್ಟು ಬಾಗಿಲು ಹಾಕಿದಳು. "ನಿಮ್ ದೊಡ್ಡಪ್ಪಂದು ಈಚಲು ಮರದ್ದು. ನಿಂದು ದ್ರಾಕ್ಷೀದು. ಅಷ್ಟೇಯಾ ವ್ಯತ್ಯಾಸ?" ಅಂತ ಕೇಳಿ ಒಳಗೆ ಹೋದಳು.

ಬೈದಿದ್ದರೆ ಸುಲಭ ಇತ್ತು. ಬೈಗುಳಕ್ಕೆ ಸುಮ್ಮನಿದ್ದರೆ ಸಾಕು. ಪ್ರಶ್ನೆಗೆ ಉತ್ತರ ಹುಡುಕಬೇಕಲ್ಲ.

ಆ ಬಾಟಲಿ ನಮ್ಮ ಮನೆಗೆ ಬಂದ ಕಥೆ ಹೀಗಿದೆ. ನಮ್ಮ ಟೀಮಿನಲ್ಲಿ ಒಬ್ಬ ಗೆಳೆಯ ವರ್ಷದ ಶುರುವಿಗೇ ಒಂದು ಕ್ಯಾಲೆಂಡರ್ ಮಾಡಿ ಎಲ್ಲರಿಗೂ ಹಂಚಿದ್ದ. ಫೆಬ್ರವರಿ 18 ವೈನ್ ಕುಡಿಯುವ ದಿನ. ಏಪ್ರಿಲ್ 17 ಮಾಲ್ಬೆಕ್ ದಿನ. ಮೇ 25 ಅಮೆರಿಕದವರ ರಾಷ್ಟ್ರೀಯ ವೈನ್ ದಿನ. ಆಗಸ್ಟ್ ಕೊನೆಗೆ ಕ್ಯಾಬರ್ನೆ, ಅಕ್ಟೋಬರಿನ ನಾಲ್ಕನೇ ಶುಕ್ರವಾರ ಶಾಂಪೇನ್, ನವೆಂಬರಿನ ಮೂರನೇ ಗುರುವಾರ ಬೋಜೊಲೆ. ನಡುವೆ ಖಾಲಿ ಉಳಿದ ವಾರಗಳಿಗೆ ಅವನೇ ಏನೋ ಒಂದು ಹೆಸರಿಟ್ಟಿದ್ದ. ಆ ದಿನ ಬಂತು ಅಂದರೆ ಯಾರಾದರೂ ಒಂದು ಬಾಟಲಿ ತರೋದು, ಇಲ್ಲವೇ ಮನೆಗೊಂದು ಒಯ್ಯೋದು. ಗುಬ್ಬಿ ತಾಲೂಕಿನ ಹಳ್ಳಿಯಿಂದ ಬಂದ ನಾನು ಗ್ಲಾಸನ್ನು ಕಾಂಡದಲ್ಲೇ ಹಿಡಿಯಬೇಕು, ತಿರುಗಿಸಿ ಮೂಸಬೇಕು ಅನ್ನೋದನ್ನೆಲ್ಲ ಶ್ರದ್ಧೆಯಿಂದ ಕಲಿತೆ. ಸುಳ್ಳು ಯಾಕೆ, ಖುಷಿಯೂ ಆಗುತ್ತಿತ್ತು. ನಾನು ಕುಡಿಯುತ್ತಿಲ್ಲ, ಏನೋ ಓದಿ ತಿಳಿದುಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು.

ಅಮ್ಮನ ಪ್ರಶ್ನೆಗೆ ಮೊದಲು ಹೊಳೆದ ಉತ್ತರ ಇಂಜಿನಿಯರ್ ಉತ್ತರ. ನಂದು ಲಘು, ದೊಡ್ಡಪ್ಪಂದು ಗಟ್ಟಿ. ಲೆಕ್ಕ ಹಾಕಿದೆ. 750 ಮಿಲಿಲೀಟರ್ ಬಾಟಲಿ, ಆಲ್ಕೊಹಾಲ್ ಶೇ 13. ಅಂದರೆ ಹೆಚ್ಚುಕಡಿಮೆ 97 ಮಿಲಿಲೀಟರ್. ಬ್ರಾಂದಿಯ ಒಂದು ಕ್ವಾರ್ಟರ್ 180 ಮಿಲಿಲೀಟರ್, ಲೇಬಲ್ ಮೇಲೆ ಶೇ 42.8. ಅಂದರೆ 77. ಇಬ್ಬರು ಗೆಳೆಯರು ನಗುನಗುತ್ತಾ ಒಂದು ಬಾಟಲಿ ವೈನ್ ಹಂಚಿಕೊಂಡರೆ ತಲಾ 48 ಮಿಲಿಲೀಟರ್ ಆಯಿತು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನಿಂತುಕೊಂಡೇ ಹೀರಿ ಬಿಸಾಕುವ 90ರ ಪ್ಯಾಕೆಟ್ಟಿನಲ್ಲಿ 38. ಹನಿ ಲೆಕ್ಕದಲ್ಲಿ ಅವನೇ ನನಗಿಂತ ಸಭ್ಯ. ಇನ್ನು ತಾಜಾ ಈಚಲು ಹೆಂಡ ವೈನಿನ ಅರ್ಧದಷ್ಟೂ ಗಟ್ಟಿ ಇರೋದಿಲ್ಲ.

ಎರಡನೇ ಉತ್ತರ, ವೈನ್ ಹೃದಯಕ್ಕೆ ಒಳ್ಳೇದು ಅನ್ನೋದು. ಅದೂ ನಿಲ್ಲಲಿಲ್ಲ. ಎಷ್ಟು ಕಡಿಮೆ ಕುಡಿದರೂ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿ ಹೇಳಿದೆ. ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಮದ್ಯ 1988ರಿಂದಲೂ ಇದೆ. ದ್ರಾಕ್ಷಿಗೆ ಅಂತ ಅಲ್ಲೇನೂ ರಿಯಾಯಿತಿ ಕೊಟ್ಟಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮರ್ಯಾದೆಯಲ್ಲಿದೆ ಅನ್ನಬೇಕು. ಅದನ್ನು ಹಂಚುವ ರೀತಿ ನೋಡಿದರೆ ನಗು ಬರುತ್ತೆ. ನಮ್ಮ ಕಡೆ ಬ್ರಾಂದಿ ಅಂಗಡಿಗಳ ಬೋರ್ಡ್ ಓದಿ. ದೇವರ ಹೆಸರು, ಮುಂದೆ 'ವೈನ್ಸ್'. ಒಳಗೆ ಸಿಗೋದು ರಮ್ಮು, ವಿಸ್ಕಿ, ಬ್ರಾಂದಿ. ವೈನ್ ಕೇಳಿದರೆ ಅಂಗಡಿಯವನು ಧೂಳು ಒರೆಸಿ ಒಂದು ಬಾಟಲಿ ಕೊಟ್ಟಾನು. ಬ್ರಾಂದಿಗೆ ಮರ್ಯಾದೆ ಬೇಕು, ಅದಕ್ಕೆ ವೈನಿನ ಹೆಸರು. ವೈನಿಗೆ ಇನ್ನೂ ಹೆಚ್ಚಿನ ಮರ್ಯಾದೆ ಬೇಕು, ಅದಕ್ಕೆ ಸರ್ಕಾರಿ ಕನ್ನಡದಲ್ಲಿ ಅದು ದ್ರಾಕ್ಷಾರಸ. ದ್ರಾಕ್ಷಾರಸ ಉತ್ಸವ ಅಂದಾಗ ಅಜ್ಜಿ ಕುಡಿಯುತ್ತಿದ್ದ ದ್ರಾಕ್ಷಾರಿಷ್ಟದ ಸೀಸೆಯೇ ನೆನಪಾಗುತ್ತೆ.

2007ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನಾನಾಗ ಬಿಇ ಮೊದಲ ವರ್ಷ ಮುಗಿಸುತ್ತಿದ್ದೆ. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದು ಕೈಯಲ್ಲಿ ಒಂದು ಬಾಗಿಲು ಹಾಕಿ, ಇನ್ನೊಂದು ಕೈಯಲ್ಲಿ ಇನ್ನೊಂದು ಬಾಗಿಲು ತೆಗೆದ ಹಾಗೆ. ಎರಡಕ್ಕೂ ಕಾರಣಗಳಿದ್ದವು. ಸಾರಾಯಿ ಪ್ಯಾಕೆಟ್ಟು ಎಷ್ಟು ಮನೆ ಮುರಿದಿತ್ತು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ವೈನ್ ನೀತಿಯ ಹಿಂದೆ ದ್ರಾಕ್ಷಿ ಬೆಳೆಗಾರ ಇದ್ದ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಅವರು 1988ರಲ್ಲಿ ಶುರು ಮಾಡಿದ ವೈನ್ ತೋಟ, ವಿಜಯಪುರದ ದ್ರಾಕ್ಷಿ, ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ, ಇವೆಲ್ಲ ರೈತರ ಬದುಕೇ. ಆದರೆ ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದ ನಮ್ಮೂರ ಈಡಿಗರದ್ದೂ ಬದುಕೇ ಆಗಿತ್ತು. ನಮ್ಮ ಕಡೆ ಅದಕ್ಕೆ ಉಳಿದಿದ್ದು ನಿಷೇಧ. ಅದಕ್ಕೆ ಉತ್ಸವ ಯಾರೂ ಮಾಡಲಿಲ್ಲ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದವರಿದ್ದರು. ಹೆಂಡದ ಆದಾಯದಲ್ಲಿ ಸರ್ಕಾರ ನಡೆಯೋದು ತಪ್ಪು ಅನ್ನೋ ನಂಬಿಕೆ ಆ ಕಾಲದ ಹೋರಾಟದಲ್ಲಿತ್ತು. 2025-26ರ ನಮ್ಮ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ ಇತ್ತು. ಅದರಲ್ಲಿ ದೊಡ್ಡಪ್ಪನಂಥವರ ಪಾಲೆಷ್ಟು, ನನ್ನ ಪಾಲೆಷ್ಟು ಅಂತ ಬಜೆಟ್ ಬೇರೆ ಮಾಡಿ ಕೇಳೋದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬಡವರ ಕುಡಿತ, ಶ್ರೀಮಂತರ ಕುಡಿತ ಅನ್ನೋ ಗೊತ್ತಿರುವ ಮಾತಾಗುತ್ತಿತ್ತು. ಎರಡೂ ಒಂದೇ ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಮ್ಮ ಅಪ್ಪನೂ ಕುಡಿಯುತ್ತಿದ್ದ. ಅಪ್ಪನನ್ನೂ ದೊಡ್ಡಪ್ಪನನ್ನೂ ಒಂದೇ ಅನ್ನೋಕೆ ನನಗೆ ಬಾಯಿ ಬರಲ್ಲ.

ಅಪ್ಪ ಕುಡಿಯುತ್ತಿದ್ದದ್ದು ಯುಗಾದಿ ಮಾರನೇ ದಿನ, ಹೊಸತೊಡಕಿಗೆ. ಬೇವುಬೆಲ್ಲದ ಮರುದಿನ ಮರಿ ಕಡಿದು ಗುಡ್ಡೆ ಬಾಡು ಹಂಚಿಕೊಂಡು, ಗಂಡಸರೆಲ್ಲ ತೋಪಿನಲ್ಲಿ ಇಸ್ಪೀಟ್ ಆಡುತ್ತಾ ಕೂರುವ ದಿನ ಅದು. ಆ ದಿನ ಅಪ್ಪನ ಮುಖ ಕೆಂಪಗಿರುತ್ತಿತ್ತು, ನಮಗೆಲ್ಲ ಎರಡೆರಡು ರೂಪಾಯಿ ಕೊಡುತ್ತಿದ್ದ, ಅಮ್ಮ ಬೈದ ಹಾಗೆ ಮಾಡುತ್ತಿದ್ದಳು. ಮಾರನೇ ದಿನ ಬೆಳಗಿನ ಜಾವ ಅಪ್ಪ ಎಂದಿನಂತೆ ಹಾಲು ಕರೆದು ಡೈರಿಗೆ ಹೋಗುತ್ತಿದ್ದ. ಹಬ್ಬ ಮುಗಿದಿರುತ್ತಿತ್ತು. ಇನ್ನೊಂದು ಹೊಸತೊಡಕಿಗೆ ಒಂದು ವರ್ಷ.

ದ್ರಾಕ್ಷಿಯ ಹಳೆಯ ಹಬ್ಬಗಳೂ ಹೀಗೇ ಇವೆ. ಫ್ರಾನ್ಸಿನ ಬೋಜೊಲೆಯ ಹೊಸ ವೈನನ್ನು ನವೆಂಬರಿನ ಮೂರನೇ ಗುರುವಾರಕ್ಕೆ ಮೊದಲು ಮಾರೋ ಹಾಗಿಲ್ಲ. 1985ರಿಂದ ಅದೇ ನಿಯಮ. ಆ ವರ್ಷದ ಸುಗ್ಗಿ ಮುಗಿದಿದೆ, ಆ ವರ್ಷದ ಹಣ್ಣಿನ ಮೊದಲ ರುಚಿ, ಅದಕ್ಕೆ ಹಬ್ಬ. ನಮ್ಮ ಸಂಕ್ರಾಂತಿ ಇದ್ದ ಹಾಗೆ. ಬೆಂಗಳೂರಿನ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ನೀಲಿ ದ್ರಾಕ್ಷಿಯನ್ನು ಸಕ್ಕರೆ ಹಾಕಿ ಭರಣಿಯಲ್ಲಿ ವಾರಗಟ್ಟಲೆ ಇಡುತ್ತಾರೆ, ಕ್ರಿಸ್‌ಮಸ್ಸಿಗೆ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಕೊಡುತ್ತಾರೆ. ಕಾಯಬೇಕು, ಹಂಚಬೇಕು, ಭರಣಿ ಖಾಲಿಯಾದ ಮೇಲೆ ಮುಗೀತು.

ನಮ್ಮ ಗೆಳೆಯನ ಕ್ಯಾಲೆಂಡರಿನಲ್ಲಿ ಈ ಸುಗ್ಗಿಗಳ ಗುರುತೇ ಇಲ್ಲ. ನಮ್ಮಲ್ಲಿ ದ್ರಾಕ್ಷಿ ಬಳ್ಳಿಗೆ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಒಮ್ಮೆ ಕತ್ತರಿ ಹಾಕುತ್ತಾರೆ. ವೈನ್ ದ್ರಾಕ್ಷಿ ಕೊಯ್ಲು ಫೆಬ್ರವರಿ, ಮಾರ್ಚ್. ನಾವು ನವೆಂಬರಿನಲ್ಲಿ ಗ್ಲಾಸ್ ತಾಗಿಸುವಾಗ ನಂದಿಯ ಬಳ್ಳಿಯಲ್ಲಿ ಇನ್ನೂ ಹೀಚೂ ಸರಿಯಾಗಿ ನಿಂತಿರುವುದಿಲ್ಲ. ಮಾಲ್ಬೆಕ್ ದಿನ 1853ರಲ್ಲಿ ಅರ್ಜೆಂಟೀನಾದಲ್ಲಿ ಒಂದು ಕೃಷಿ ಶಾಲೆಗೆ ಬುನಾದಿಯಾದ ಪ್ರಸ್ತಾಪದ ನೆನಪಂತೆ. ಅಲ್ಲಿನ ವೈನ್ ಮಾರುವವರ ಸಂಘ ಅದನ್ನು 2011ರಲ್ಲಿ ಶುರು ಮಾಡಿತು. ಅವರ ವ್ಯಾಪಾರ ಅವರದು, ತಪ್ಪೇನಿಲ್ಲ. ಆದರೆ ಗುಬ್ಬಿ ತಾಲೂಕಿನವನಿಗೆ ಆ ಶಾಲೆ ಏನಾಗಬೇಕು? ನನಗೆ ಬೇಕಿದ್ದದ್ದು ಆ ದಿನ ಅಲ್ಲ. ಬಾಟಲಿ ತೆಗೆಯೋಕೆ ಒಂದು ಕಾರಣ.

ಕಾರಣ ಅಂದಾಗಲೇ ದೊಡ್ಡಪ್ಪ ನೆನಪಾಗಿದ್ದು. ದೊಡ್ಡಪ್ಪನ ಹತ್ತಿರ ಕ್ಯಾಲೆಂಡರ್ ಇರಲಿಲ್ಲ, ಕಾರಣ ಇಲ್ಲದ ದಿನವೂ ಇರಲಿಲ್ಲ. ಇವತ್ತು ಸಂತೆ. ಇವತ್ತು ರಾಗಿ ಮಾರಿದೆ. ಮಳೆ ಬಂತು. ಮಳೆ ಬರಲಿಲ್ಲ. ಬೋರ್‌ವೆಲ್‌ನಲ್ಲಿ ನೀರು ಬಿತ್ತು. ಬೋರ್‌ವೆಲ್ ಫೇಲಾಯ್ತು. ನನಗೆ ಬಿಇ ಸೀಟ್ ಸಿಕ್ಕ ದಿನವೂ ಅವನು ನನ್ನ ಹೆಸರಲ್ಲೇ ಕುಡಿದು ಬಂದಿದ್ದ. ಮೊದಲು ಹೆಂಡ, ಆಮೇಲೆ ಸಾರಾಯಿ ಪ್ಯಾಕೆಟ್, 2007ರ ನಂತರ 90ರ ಪ್ಯಾಕೆಟ್. ಸರ್ಕಾರ ಬದಲಾಯಿಸಿದ್ದನ್ನೆಲ್ಲ ಅವನೂ ಬದಲಾಯಿಸಿಕೊಂಡ. ಅವನಿಗೆ ಎಲ್ಲ ದಿನವೂ ಹಬ್ಬವೇ ಆಗಿತ್ತು, ಯಾವ ಹಬ್ಬಕ್ಕೂ ಮಾರನೇ ದಿನ ಇರಲಿಲ್ಲ. 2014ರಲ್ಲಿ ಹೋದ.

ನನಗೆ ಅನ್ನಿಸೋದು ಇಷ್ಟು. ಹಬ್ಬ ಮಾಡಿಕೊಳ್ಳೋಕೆ ಅನುಮತಿ ಕೊಡುತ್ತೆ ನಿಜ. ಆದರೆ ಅದರ ದೊಡ್ಡ ಕೆಲಸ ಅದಲ್ಲ, ಮುಗೀತು ಅಂತ ಹೇಳೋದು. ಇವತ್ತು ಉಂಟು, ನಾಳೆ ಇಲ್ಲ ಅನ್ನೋ ಬೇಲಿ ಅದು. ವರ್ಷವಿಡೀ ಹಬ್ಬ ಅಂದರೆ ಬೇಲಿ ಕಿತ್ತು ಹಾಕಿ, ಆ ಗೂಟಗಳಿಗೇ ತೋರಣ ಕಟ್ಟಿದ ಹಾಗೆ.

ಇದಕ್ಕೆ ಗೆಳೆಯ ಒಂದು ಒಳ್ಳೇ ಮಾತೇ ಹೇಳಿದ. "ಹೊಸತೊಡಕಿಗೆ ಒಂದೇ ದಿನ ಕುಡಿದು ಬೀಳೋದಕ್ಕಿಂತ, ದಿನಾ ಊಟದ ಜೊತೆ ಅರ್ಧ ಗ್ಲಾಸ್ ಕುಡಿದು ನೆಮ್ಮದಿಯಾಗಿರೋದು ವಾಸಿ ಅಲ್ವಾ ಮಗಾ?" ಇರಬಹುದು. ಹೊಸತೊಡಕಿನ ರಾತ್ರಿ ಬೈಕಿನಿಂದ ಬಿದ್ದವರನ್ನೂ, ಜೂಜಿನಲ್ಲಿ ಹಸು ಕಳೆದುಕೊಂಡವರನ್ನೂ ನಾನು ಕಂಡಿದ್ದೇನೆ. ಹಬ್ಬ ಪವಿತ್ರ ಅಂತ ನಾನು ವಾದ ಮಾಡ್ತಿಲ್ಲ. ದಿನಾ ಅರ್ಧ ಗ್ಲಾಸ್ ಕುಡಿಯುವವನು ಕುಡಿಯಲಿ, ಅದನ್ನು ಅಭ್ಯಾಸ ಅಂತ ಕರೆಯಲಿ. ಅಭ್ಯಾಸವನ್ನು ಅಭ್ಯಾಸ ಅಂದರೆ ಅಳೆಯಬಹುದು, ಕಡಿಮೆ ಮಾಡಬಹುದು, ಹೆಂಡತಿ ಪ್ರಶ್ನೆ ಕೇಳಬಹುದು. ಹಬ್ಬ ಅಂದುಬಿಟ್ಟರೆ ಯಾರೂ ಕೇಳೋ ಹಾಗಿಲ್ಲ. ಹಬ್ಬದ ದಿನ ಲೆಕ್ಕ ಕೇಳಿದವರೇ ಅಪಶಕುನದವರಾಗುತ್ತಾರೆ.

ಕಳೆದ ಸಲ ಮಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಸತ್ತವರಿಗೆ ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡೋದು ನಮ್ಮಲ್ಲಿ ರೂಢಿ. ಅಜ್ಜನಿಗೆ ಬೀಡಿ, ಅಜ್ಜಿಗೆ ಎಲೆಅಡಿಕೆ. ದೊಡ್ಡಪ್ಪನ ಮಗ ದೊಡ್ಡಪ್ಪನ ಎಲೆ ಪಕ್ಕ ಒಂದು ಕ್ವಾರ್ಟರ್ ತಂದಿಟ್ಟ. ದೊಡ್ಡಮ್ಮ ಬಂದು ಅದನ್ನು ಎತ್ತಿ ಬಾಗಿಲಾಚೆ ಇಟ್ಟಳು. "ಒಂದಿನ ಆದ್ರೂ ಬರೀ ಊಟ ಮಾಡ್ಲಿ ಕಣ್ಲಾ" ಅಂದಳು. ಯಾರೂ ಮಾತಾಡಲಿಲ್ಲ.

ಆ ರಾತ್ರಿ ಜಗಲಿ ಮೇಲೆ ಕೂತಾಗ ಅಮ್ಮನಿಗೆ ನನ್ನ ಉತ್ತರ ಹೇಳಿದೆ. ದ್ರಾಕ್ಷಿ, ಈಚಲು ಅಲ್ಲಮ್ಮ ವ್ಯತ್ಯಾಸ, ಮಾರನೇ ದಿನ ಇದೆಯಾ ಇಲ್ವಾ ಅನ್ನೋದು, ನನಗೆ ಇದೆ ಅಂದೆ. ಕಂಡುಹಿಡಿದವನ ಹೆಮ್ಮೆಯಲ್ಲೇ ಹೇಳಿದ್ದೆ. ಅಮ್ಮ ಅಡಿಕೆ ಕತ್ತರಿಸುತ್ತಾ, "ಇರ್ಬೋದಪ್ಪ. ಅದ್ನ ಹೇಳ್ಬೇಕಾದೋನು ನೀನಲ್ಲ. ನಿನ್ ಹೆಂಡ್ತೀನ ಕೇಳು" ಅಂದಳು.

ಕೇಳಿದೆ. ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಹೋದ ಮೂರು ತಿಂಗಳಲ್ಲಿ ಎಷ್ಟು ಬಾಟಲಿ ತಂದ್ರಿ ಅಂತ ಲೆಕ್ಕ ಇದೆಯಾ?" ಅಂದಳು. ನಾಲ್ಕೋ ಐದೋ ಅಂದೆ. ಅವಳು ಸುಮ್ಮನೆ ನನ್ನ ಫೋನ್ ಕಡೆ ನೋಡಿದಳು. ಯುಪಿಐ ಲಿಸ್ಟ್ ತೆಗೆದು ಒಂದೊಂದೇ ಎಣಿಸಿದೆ. ಹನ್ನೊಂದು.

ಕ್ಯಾಲೆಂಡರನ್ನು ಫೋನಿನಿಂದ ತೆಗೆದಿದ್ದೇನೆ. ವೈನ್ ಬಿಟ್ಟಿದ್ದೇನೆ ಅಂತ ಹೇಳೋದಿಲ್ಲ, ಬಿಟ್ಟಿಲ್ಲ. ಮನೆಯಲ್ಲಿ ಎಣಿಸೋದು ಈಗ ಅವಳು.