ಎಬೋಶಿಯ ಕಬ್ಬಿಣದೂರು



ಮಿಯಾಝಾಕಿಯ 1997ರ ಜಪಾನೀ ಅನಿಮೆ ‘ಪ್ರಿನ್ಸೆಸ್ ಮೊನೊನೊಕೆ’ ನೋಡಿದೆ. ಮಕ್ಕಳ ಕಾರ್ಟೂನ್ ಅಂದುಕೊಂಡಿದ್ದೆ, ಅಲ್ಲ. ಎಬೋಶಿ ಎಂಬಾಕೆ ಕಬ್ಬಿಣ ಕರಗಿಸಲು ಕಾಡು ಕಡಿಯುತ್ತಾಳೆ, ಅಡ್ಡ ಬಂದ ಪ್ರಾಣಿಗಳನ್ನು ಕೊಲ್ಲುತ್ತಾಳೆ. ವೇಶ್ಯಾಗೃಹದಿಂದ ಬಿಡಿಸಿ ತಂದ ಹೆಣ್ಣುಮಕ್ಕಳಿಗೆ, ಯಾರೂ ಮುಟ್ಟದ ಕುಷ್ಠರೋಗಿಗಳಿಗೆ ಕೆಲಸ, ಮರ್ಯಾದೆ ಕೊಟ್ಟವಳೂ ಅವಳೇ. ಅವರ ಹುಣ್ಣುಗಳನ್ನು ತಾನೇ ತೊಳೆದವಳು.

ನಮ್ಮ ತರೀಕೆರೆಯ ಕೆಮ್ಮಣ್ಣುಗುಂಡಿ ನೆನಪಾಯಿತು. ಅಲ್ಲಿನ ಅದಿರು ಭದ್ರಾವತಿ ಕಾರ್ಖಾನೆಗೆ ಹೋಯಿತು. ಗುಡ್ಡ ಅಗೆದದ್ದು ತಪ್ಪೇ ಎಂದು ಕೇಳುವವರು, ಊರ ಕೆರೆಯ ನೀರು ಮುಟ್ಟಲಾಗದವನಿಗೆ ಕಾರ್ಖಾನೆಯ ಕೂಲಿ ಏನಾಗಿತ್ತು ಎಂದೂ ಕೇಳಬೇಡವೇ?

ಮೊದಲ ಶೀಲ ಎಬೋಶಿಯನ್ನು ಒಪ್ಪುವುದಿಲ್ಲ. ನನಗೋ ಅವಳನ್ನು ಬೈಯಲು ಬಾಯಿ ಬರುವುದಿಲ್ಲ. ಕೊನೆಗೆ ಒಂದು ತೋಳು ಕಳೆದುಕೊಂಡವಳು, ಇನ್ನೂ ಒಳ್ಳೆಯ ಊರು ಕಟ್ಟೋಣ ಅನ್ನುತ್ತಾಳೆ. ಕಾಡಿನ ಮಾತು ಎತ್ತುವುದೇ ಇಲ್ಲ. ಕಡೂರು, ಅಜ್ಜಂಪುರದ ಬಂಧುಗಳೇ, ನೀವೇನಂತೀರಿ?