ಪ್ರೇಮಿಗೆ ನಗುವ ಹಕ್ಕುಂಟೆ?

"ತನ್ನ ಪ್ರೇಮದ ಬಗ್ಗೆ ತಾನೇ ನಗುವ ಗಂಡಸು ಪ್ರೇಮಿಸಿರುವುದೇ ಇಲ್ಲ." ಆಂಧ್ರದ ಗಡಿಭಾಗದ ಕಾಲೇಜು ಹುಡುಗರ ಕಥಾಸ್ಪರ್ಧೆಯೊಂದರಲ್ಲಿ ನನ್ನ ಜೊತೆ ತೀರ್ಪುಗಾರರಾಗಿದ್ದ ಹಿರಿಯರೊಬ್ಬರು ಹೀಗೆಂದು ಒಂದು ಕತೆಯನ್ನು ಪಕ್ಕಕ್ಕೆ ಸರಿಸಿದರು. ಅಗಳಿ ಕಡೆಯ ಹುಡುಗ ಬರೆದದ್ದು. ಮಡಕಶಿರಾ ಬಸ್ಸಿನಲ್ಲಿ ದಿನಾ ಕಾಣುವ ಹುಡುಗಿಯನ್ನು ಮೆಚ್ಚಿಸಲು ಹೋಗಿ ಒಬ್ಬ ಪಡುವ ಪಾಡು, ಅವನ ಬಾಯಲ್ಲೇ. ಓದುವಾಗ ನನಗೆ ನಗು ತಡೆಯಲಾಗಿರಲಿಲ್ಲ. ಹಿರಿಯರಿಗೆ ಅದೇ ದೋಷ. ಹೆಣ್ಣು ಹೇಳಿದರೆ ಪ್ರೇಮದ ಕತೆಯಲ್ಲಿ ನಗು ಒಪ್ಪುತ್ತದಂತೆ. ಗಂಡು ಹೇಳಿದರೆ ಸಂಕಟವಿರಬೇಕು, ತಪಸ್ಸಿರಬೇಕು, ಕೊನೆಗೆ ಗಡ್ಡವಾದರೂ ಇರಬೇಕು. ನಕ್ಕನೋ, ಅದು ಬರೀ ಚೇಷ್ಟೆ.

ನನಗೆ ರೇಗಿತು. ಗಡ್ಡ ಬಿಟ್ಟವರ ಪ್ರೇಮಕತೆಗಳನ್ನು ಓದಿ ಓದಿ ಸಾಕಾಗಿದೆ. ಆದರೆ ರೇಗಿದ್ದಕ್ಕೆ ಕಾರಣ ಕೊಡಬೇಕಲ್ಲ. ಪಂಡಿತರ ದಾರಿ ಹಿಡಿದರೆ ಭರತನಿಂದ ಶುರುಮಾಡಬೇಕು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ನಾಟ್ಯಶಾಸ್ತ್ರ ಹೇಳುತ್ತದೆ. ಅದರ ಮೇಲೆ ಬೆಳೆದ ವ್ಯಾಖ್ಯಾನಗಳು ನನಗೆ ನಿದ್ದೆ ತರಿಸುತ್ತವೆ. ಫ್ರಾಯ್ಡ್ 1905ರಲ್ಲಿ ನಗೆಚಟಾಕಿಗಳ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ ಚೆನ್ನಾಗಿರುವುದು ಚಟಾಕಿಗಳು ಮಾತ್ರ. ಇಬ್ಬರಿಗೂ ಇಲ್ಲಿಂದಲೇ ನಮಸ್ಕಾರ.

ಹಿರಿಯರ ಮಾತನ್ನು ಅವರಿಗಿಂತ ನೂರುಪಾಲು ಚೆನ್ನಾಗಿ ಹೇಳಿದವನು ಫ್ರಾನ್ಸಿನ ಆನ್ರಿ ಬರ್ಗ್‌ಸನ್. 'ನಗು' ಎಂಬ ಅವನ ಪುಟ್ಟ ಪುಸ್ತಕ ಬಂದದ್ದು 1900ರಲ್ಲಿ. ನಗುವಿನ ದೊಡ್ಡ ಶತ್ರು ಭಾವನೆ ಎನ್ನುತ್ತಾನೆ ಅವನು. ನಗಬೇಕಾದರೆ ಎದೆಗೆ ಒಂದು ಕ್ಷಣ ಅರಿವಳಿಕೆ ಕೊಟ್ಟಂತಾಗಬೇಕು. ಕುಣಿಯುವವರ ನಡುವೆ ನಿಂತು ಕಿವಿ ಮುಚ್ಚಿಕೊಳ್ಳಿ, ಸಂಗೀತ ಕೇಳಿಸದಿದ್ದರೆ ಅವರೆಲ್ಲ ಎಷ್ಟು ಹಾಸ್ಯಾಸ್ಪದವಾಗಿ ಕಾಣುತ್ತಾರೆ ನೋಡಿ ಎನ್ನುತ್ತಾನೆ. ಇದು ನಿಜವಾದರೆ ನನ್ನ ಅಗಳಿ ಹುಡುಗ ಸೋತ. ಪ್ರೇಮಿಸುವವನ ಕಿವಿಯಲ್ಲಿ ಸಂಗೀತ ನಿಂತಿರುವುದಿಲ್ಲ. ಅದು ನಿಲ್ಲದೆ ನಗು ಬರುವುದಿಲ್ಲ. ನಕ್ಕವನು, ನಗುವಷ್ಟು ಹೊತ್ತಾದರೂ, ಪ್ರೇಮಿಯಲ್ಲ.

ಇದಕ್ಕೆ ನನ್ನ ಉತ್ತರ ನನ್ನ ಪ್ಯಾಂಟಿನಲ್ಲಿದೆ.

ನಮ್ಮ ರಾಯದುರ್ಗ ಜೀನ್ಸ್ ಹೊಲಿಗೆಯ ಊರು. ಗಲ್ಲಿಗಲ್ಲಿಯಲ್ಲಿ ಮಿಷನ್ನುಗಳ ಸದ್ದು. ಮಡಕಶಿರಾ ಕಡೆಯ ಹುಡುಗಿಯೊಬ್ಬಳನ್ನು ನೆಂಟರ ಮದುವೆಯಲ್ಲಿ ನೋಡಿ, ಮನಸ್ಸು ಕೆಟ್ಟು, ದೊಡ್ಡಮ್ಮನ ಕಾಲು ಹಿಡಿದು ಹೇಳಿಕಳಿಸಿದ್ದೆ. ಹೆಣ್ಣು ನೋಡಲು ಹೊರಟ ದಿನ ಚಿಕ್ಕಪ್ಪನ ಮಗ ತನ್ನ ಯೂನಿಟ್ಟಿನಿಂದ ಹೊಸಾ ಜೀನ್ಸ್ ತಂದುಕೊಟ್ಟ. ಇನ್ನೂ ವಾಷಿಂಗ್‌ಗೆ ಹೋಗಿರದ ಮಾಲು. ಅಂಥ ಡೆನಿಮ್ ಬಟ್ಟೆಯಲ್ಲ, ತಗಡು. ಅವರೂರಿಗೆ ಕಲ್ಯಾಣದುರ್ಗ, ಕಂಬದೂರು, ಪಾವಗಡದ ಮೇಲೆ ಹೋಗುವ ದಾರಿ. ಆಂಧ್ರದಿಂದ ಆಂಧ್ರಕ್ಕೆ ಹೋಗಲು ನಡುವೆ ಕರ್ನಾಟಕ ದಾಟಬೇಕು. ಅಷ್ಟೂ ದೂರ ಬಸ್ಸಿನಲ್ಲಿ ಕಾಲು ಚಾಚಿಕೊಂಡೇ ಕೂತಿದ್ದರಿಂದ ಅಪಾಯ ತಿಳಿಯಲಿಲ್ಲ. ಅವರ ಮನೆಯಲ್ಲಿ ಜಮಖಾನ ಹಾಸಿದ್ದರು. ಮಂಡಿ ಮಡಚಲು ಹೋದೆ, ಮಡಚಲಿಲ್ಲ. ಇನ್ನೂ ಬಲ ಹಾಕಿದೆ. ಸೋದರಮಾವನ ಮೇಲೆ ಅಡ್ಡಕ್ಕೆ ಒರಗಿಬಿಟ್ಟೆ, ಅವರ ಕೈಯಲ್ಲಿದ್ದ ಕೇಸರಿಬಾತು ನನ್ನ ಅಂಗಿಗೆ ಬಂತು. ಹುಡುಗಿಯ ಅಜ್ಜಿ "ಪಾಪ, ಹುಡುಗನಿಗೆ ಕಾಲಲ್ಲಿ ಏನೋ ಐತೆ" ಎಂದದ್ದು ಇಡೀ ಮನೆಗೆ ಕೇಳಿಸಿತು. ಬಾಗಿಲ ಹಿಂದಿನಿಂದ ಕಿಸಕ್ಕೆಂದು ನಗು.

ಬರ್ಗ್‌ಸನ್ ಅಲ್ಲಿದ್ದಿದ್ದರೆ ಕೈತಟ್ಟುತ್ತಿದ್ದ. ಜೀವಂತವಾದದ್ದರ ಮೇಲೆ ಯಾಂತ್ರಿಕವಾದದ್ದು ಕವಿದುಕೊಂಡಾಗ ನಗು ಹುಟ್ಟುತ್ತದೆಂಬುದು ಅವನ ಸೂತ್ರ. ಮೆತ್ತಗಿನ ಮೈಮೇಲೆ ಬಿರುಸಾದ ಬಟ್ಟೆ ಎಂಬುದೂ ಅವನದೇ ಉದಾಹರಣೆ. ರಾಯದುರ್ಗದ ಡೆನಿಮ್ಮಿಗಿಂತ ಒಳ್ಳೆಯ ಸಾಕ್ಷಿ ಅವನಿಗೆ ಪ್ಯಾರಿಸ್ಸಿನಲ್ಲಿ ಸಿಕ್ಕಿರಲಾರದು. ಆದರೆ ಅವನ ಇನ್ನೊಂದು ಮಾತು, ಎದೆ ಮರಗಟ್ಟುವ ಮಾತು, ನನಗೆ ಹೊಂದುವುದಿಲ್ಲ. ಆ ಹೊತ್ತು ನನ್ನ ಎದೆ ಬಸ್ಸಿನ ಇಂಜಿನ್ನಿನಂತೆ ಬಡಿದುಕೊಳ್ಳುತ್ತಿತ್ತು. ಅವಳು ನನಗೆ ಬೇಕಾಗಿದ್ದಳು ಎಂಬ ಕಾರಣಕ್ಕೇ ಆ ಬೀಳುವಿಕೆ ಅಷ್ಟು ತಮಾಷೆಯಾದದ್ದು. ಬೇಡದ ಮನೆಯಲ್ಲಿ ಬಿದ್ದಿದ್ದರೆ ಬರೀ ಬಿದ್ದಂತೆ. ಆಸೆ ದೊಡ್ಡದಾದಷ್ಟೂ ಆಭಾಸ ದೊಡ್ಡದು. ಗಂಡು ಹೇಳುವ ಪ್ರೇಮವಿನೋದ ನಿಂತಿರುವುದೇ ಈ ಲೆಕ್ಕದ ಮೇಲೆ.

ಇಷ್ಟಕ್ಕೆ ಗೆದ್ದೆನೆಂದು ಪೆನ್ನು ಮುಚ್ಚಬಹುದಿತ್ತು. ಆದರೆ ಬರ್ಗ್‌ಸನ್ ಅಷ್ಟು ಸುಲಭದ ಆಸಾಮಿಯಲ್ಲ. ಅವನು ಕೇಳುತ್ತಾನೆ: ಆ ಜಮಖಾನದ ಮೇಲೆ ನೀನು ನಕ್ಕೆಯಾ? ಇಲ್ಲ. ನಕ್ಕದ್ದು ಆಮೇಲೆ, ಹೇಳುವಾಗ. ಹೇಳುವವನು ಬೇರೆ, ಬಿದ್ದವನು ಬೇರೆ.

ಇದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ, ಅದೂ ನನ್ನ ವಿರುದ್ಧ. ಗಂಡಿನ ಪ್ರೇಮವಿನೋದಕ್ಕೆ ನಮ್ಮಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಗಿಂತ (1942) ಚೆಲುವಾದ ಮಾದರಿ ಇಲ್ಲ. ರಾತ್ರಿ ಹೊತ್ತು ಮಾವನ ಮನೆಗೆ ಬಂದ ಅಳಿಯನ ಕವಿತೆ ಎಲ್ಲರಿಗೂ ಗೊತ್ತು. ಉಪಚಾರಕ್ಕೆ ಕೊರತೆಯಿಲ್ಲ, ಹೆಂಡತಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮನೆಯವರಿಗೆ ವಿನೋದ, ಅಳಿಯನಿಗೆ ಸಂಕಟ. ಗಮನಿಸಬೇಕಾದದ್ದು ಇಷ್ಟು: ಹೆಂಡತಿಯನ್ನು ಕುರಿತು ಗಂಡನೇ ಮಾತಾಡುವ ಕವಿತೆಗಳನ್ನು ಸಾಲಾಗಿ ಬರೆದ ಕವಿ, ಗಂಡ ನಗೆಪಾಟಲಾಗುವ ಈ ಕವಿತೆಗೆ ಬಂದಾಗ 'ನಾನು' ಎನ್ನುವುದನ್ನು ಬಿಟ್ಟು ಅವನನ್ನು ಆಚೆಯಿಂದ ನೋಡಿದರು. ನಗಲು ಅಷ್ಟು ದೂರ ಬೇಕಾಯಿತು. ಬರ್ಗ್‌ಸನ್ ಹೇಳಿದಷ್ಟೇ ದೂರ.

ಗಾಥಾಸಪ್ತಶತಿಯ ಮೊರೆ ಹೋಗೋಣವೆಂದರೆ ಅಲ್ಲೂ ತೊಡಕು. ನಾನು ದಾಟಿಹೋದ ಅದೇ ಕಂಬದೂರು ಸೀಮೆಯ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದವರು, ಪ್ರಾಕೃತದ ಆ ಗಾಥೆಗಳನ್ನು ಆಯ್ದು ತೆಲುಗಿಗೆ ತಂದರು. ಪ್ರೇಮ ಮತ್ತು ನಗು ಒಂದೇ ಉಸಿರಿನಲ್ಲಿ ಬರುವುದನ್ನು ನೋಡಬೇಕಾದರೆ ಅಲ್ಲಿ ನೋಡಬೇಕು. ಆದರೆ ಅಲ್ಲಿ ಹೆಚ್ಚಾಗಿ ಮಾತಾಡುವವರು ಹೆಂಗಸರು, ತಮ್ಮ ಗೆಳತಿಯರ ಜೊತೆ. ಅಲ್ಲಿಗೆ ಹೆಣ್ಣು ಹೇಳಿದರೆ ಒಪ್ಪುತ್ತದೆ ಎಂದ ಹಿರಿಯರ ಮಾತಿಗೇ ಬಲ ಬಂತು. ನನಗೆ ಹಿಡಿಸದಿದ್ದರೂ ಬಂತು.

ಉಳಿದ ಒಂದೇ ಸಂದು, ಬರ್ಗ್‌ಸನ್ ತಾನೇ ಬಿಟ್ಟದ್ದು. ಅರಿವಳಿಕೆ ಒಂದು ಕ್ಷಣದ್ದು ಎನ್ನುತ್ತಾನೆ ಅವನು. ಹಾಗಾದರೆ ಮರುಕ್ಷಣ ಎದೆಗೆ ಅರಿವು ಮರಳಬೇಕಲ್ಲ? ಪ್ರೇಮವಿನೋದದ ಕಸುಬೆಲ್ಲ ಈ ಮರಳುವಿಕೆಯಲ್ಲಿದೆ ಎಂಬುದು ನನ್ನ ವಾದ. ನಗಿಸಿ, ಆ ನಗು ಇಳಿಯುವ ಹೊತ್ತಿಗೆ ಸರಿಯಾಗಿ ನೋವನ್ನೋ ಆಸೆಯನ್ನೋ ಮುಟ್ಟಿಸಬೇಕು. 2006ರ ಕೊನೆಯಲ್ಲಿ ಯೋಗರಾಜ ಭಟ್ಟರ 'ಮುಂಗಾರು ಮಳೆ' ಬಂತು. ನಮ್ಮೂರಿಗೆ ತೆಲುಗು ಚಿತ್ರಗಳೇ ಗತಿ, ಕನ್ನಡ ಬೇಕೆಂದರೆ ಬಳ್ಳಾರಿ ಬಸ್ಸು ಹತ್ತಬೇಕು, ಹತ್ತಿದೆವು. ಗಣೇಶ್ ಮಾಡಿದ ಪ್ರೀತಮ್ ಒಂದು ಮೊಲದ ಜೊತೆ ಹರಟುತ್ತ, ತನ್ನನ್ನೇ ಗೇಲಿ ಮಾಡಿಕೊಳ್ಳುತ್ತ ಪ್ರೇಮಿಸುತ್ತಾನೆ. ನಗುತ್ತ ನಗುತ್ತಲೇ ಗಂಟಲು ಕಟ್ಟುತ್ತದೆ. ಬರ್ಗ್‌ಸನ್‌ಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ ಎಂದುಕೊಂಡಿದ್ದೆ.

ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಕಾರಣ ನನ್ನ ಮನೆಯಲ್ಲೇ ಇದೆ. ಜೀನ್ಸಿನ ಕತೆಯನ್ನು ನೆಂಟರ ಮುಂದೆ ಹೇಳುತ್ತಿದ್ದಾಗ ಒಮ್ಮೆ ನನ್ನ ಹೆಂಡತಿ ನಡುವೆ ಬಾಯಿ ಹಾಕಿದಳು. "ಬಾಗ್ಲ ಹಿಂದೆ ನಕ್ಕಿದ್ದು ನಾನಲ್ಲ ಕಣ್ರೀ, ನನ್ ತಂಗಿ. ನಾನು ನಗೋ ಹಂಗಿರ್ಲಿಲ್ಲ. ಅದರ ಹಿಂದ್ಲ ತಿಂಗ್ಳು ನೋಡ್ಕೊಂಡು ಹೋದೋರು ಬ್ಯಾಡ ಅಂದಿದ್ರು. ಇವ್ರು ಬಿದ್ದಿದ್ದು ನೋಡಿ, ಅಪಶಕುನ ಅಂತ ಇವ್ರೂ ಎದ್ದೋಗ್ತಾರೇನೋ ಅಂತ ನನ್ ಜೀವ ಹೋಗಿತ್ತು." ಯಾರೂ ನಗಲಿಲ್ಲ. ಕತೆ ಅದೇ, ಜಮಖಾನ ಅದೇ. ಬಿದ್ದವನು ನಾನೇ ಆದರೂ ಆ ಕೋಣೆಯಲ್ಲಿ ನೋಡಲು ಬಂದವನೂ ನಾನೇ. ನಗೆಪಾಟಲಾಗುವುದು ನನಗೆ ಕೈಗೆಟಕುವ ಸಂಗತಿಯಾಗಿತ್ತು, ಅವಳಿಗೆ ಅಲ್ಲ.

ಹಾಗಾದರೆ ಅರಿವಳಿಕೆ ಇತ್ತು. ನನ್ನ ಎದೆಗಲ್ಲ, ಅವಳ ಎದೆಯ ಕಡೆ ತಿರುಗಬೇಕಿದ್ದ ನನ್ನ ಕಣ್ಣಿಗೆ. 'ಮುಂಗಾರು ಮಳೆ'ಯಲ್ಲೂ ಅರಿವು ಮರಳುವುದು ಪ್ರೀತಮ್‌ಗೆ. ಅವನು ಪ್ರೇಮಿಸಿದ ನಂದಿನಿಯ ಮದುವೆ ಯಾರ ಜೊತೆ ಎಂಬುದನ್ನು ಕೊನೆಗೆ ಅವನೇ ತೀರ್ಮಾನಿಸಿ ತ್ಯಾಗಿಯಾಗುತ್ತಾನೆ. ಅಳು ಅವನ ಪಾಲಿಗೆ, ಅವಳಿಗೆ ಮಂಟಪ. ಅಗಳಿ ಹುಡುಗನ ಕತೆಯನ್ನೂ ಮತ್ತೆ ತೆರೆದೆ. ಬಸ್ಸಿನ ಹುಡುಗಿ ಇಡೀ ಕತೆಯಲ್ಲಿ ಆಡುವುದು ಒಂದೇ ಮಾತು, ಅದೂ ಕಂಡಕ್ಟರಿಗೆ.

ನಾನೇ ಹೇಳುವ ಕತೆಯಲ್ಲಿ ನನಗೆ ಕಾಣದ್ದು ಹೇಗೆ ಬಂದೀತು ಎಂದು ಕೇಳಬಹುದು. ಬರುವ ಒಂದು ದಾರಿಯುಂಟು. ಫಣಿ ರಾಮಚಂದ್ರರ 'ಗಣೇಶನ ಮದುವೆ'ಯಲ್ಲಿ (1990) ಅನಂತನಾಗ್ ವಠಾರದಲ್ಲಿ ಜಗಳವಾಡುವ ಹುಡುಗಿಯೂ, ಕಾಗದದಲ್ಲಿ ಪ್ರೇಮಿಸುವ ಗಾಯಕಿಯೂ ಒಬ್ಬಳೇ. ಅವನಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತು. ಗಂಡಿನ ಹೆಗಲ ಮೇಲಿಂದ ಇಣುಕಿ ಅವನಿಗಿಂತ ಹೆಚ್ಚು ನೋಡುವ ಓದುಗರನ್ನು ಕತೆಯೇ ಸೃಷ್ಟಿಸಿದರೆ, ಅವನು ಕುರುಡನಾದರೂ ಕತೆ ಕುರುಡಾಗುವುದಿಲ್ಲ. ಹೀಗೆಂದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಆಗ ನಗುವವರು ನಾವು, ಪ್ರೇಮಿಸುವವನು ಅವನು. ಅಂದರೆ ನಗು ಮತ್ತು ಪ್ರೇಮ ಮತ್ತೆ ಇಬ್ಬರಲ್ಲಿ ಹಂಚಿಹೋದವು, ಬರ್ಗ್‌ಸನ್ ಮತ್ತೆ ಕುರ್ಚಿ ಎಳೆದು ಕೂತ. ಇನ್ನೊಂದು ಕಡೆ, ನನ್ನ ಹೆಂಡತಿ ಈಗ ಅದೇ ಕತೆಯನ್ನು ಮಗಳಿಗೆ ಹೇಳುವಾಗ ನನಗಿಂತ ಚೆನ್ನಾಗಿ ನಗಿಸುತ್ತಾಳೆ, ಆ ಭಯವನ್ನೂ ಬಿಡದೆ ಸೇರಿಸಿಕೊಂಡೇ. ಅವನ ಸಿದ್ಧಾಂತದಲ್ಲಿ ಇದಕ್ಕೆ ಎಲ್ಲಿ ಜಾಗ ಮಾಡಿಕೊಡಬೇಕೋ ನನಗೆ ತೋಚುತ್ತಿಲ್ಲ.

ರಾಯದುರ್ಗ, ಡಿ. ಹಿರೇಹಾಳ್, ಅಮರಾಪುರ, ರೊಳ್ಳದ ಕಡೆಯ ಓದುಗಿಯರಲ್ಲಿ ಒಂದು ಕೋರಿಕೆ. ನಿಮ್ಮನ್ನು ನೋಡಲು ಬಂದವರ ಕತೆ ಯಾರಾದರೂ ಬರೆದಿದ್ದರೆ ದಯವಿಟ್ಟು ಪ್ರಕಟಿಸಿ. ಗಂಡಸರಾದ ನಾವು ಬರೆದದ್ದರ ಪಕ್ಕದಲ್ಲಿಟ್ಟು ಓದಿದ ಮೇಲೆ ಬರ್ಗ್‌ಸನ್ ಜೊತೆ ಇನ್ನೊಂದು ಸುತ್ತು ಜಗಳವಾಡುವುದಿದೆ.